ನಮ್ಮ ದುಡ್ಡು, ಅವರ ಟಿಕೆಟ್

ಕೋಲಾರದಿಂದ ಮುಳಬಾಗಿಲಿಗೆ ಹೊರಟ ಬಸ್ಸು. ಕಾಲಿಡಲು ಜಾಗ ಇರಲಿಲ್ಲ. ಕಂಡಕ್ಟರ್ ಮೆಷಿನ್ನಿಂದ ಶೂನ್ಯ ಟಿಕೆಟ್ ಹರಿದು ಹರಿದು ಹೆಂಗಸರ ಕೈಗೆ ಕೊಡುತ್ತಿದ್ದರು. ನನ್ನ ಪಕ್ಕ ಕಂಬಿ ಹಿಡಿದು ನಿಂತಿದ್ದ ಒಬ್ಬರು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಗೊಣಗಿದರು. ಕನ್ನಡಕ್ಕೆ ತಂದರೆ ಇಷ್ಟು: "ಟ್ಯಾಕ್ಸ್ ಕಟ್ಟೋರು ನಾವು, ಸೀಟಲ್ಲಿ ಕೂರೋರು ಇವರು." ಎದುರು ಸೀಟಿನ ಹೆಂಗಸಿಗೆ ಕೇಳಿಸಿತು. ಅವರು ಮುಖ ಕಿಟಕಿ ಕಡೆ ತಿರುಗಿಸಿದರು. ಯಾರೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹೇಳಲಿಲ್ಲ ಯಾಕೆಂದರೆ ಬಸ್ಸಿನಲ್ಲಿ ನಿಂತುಕೊಂಡು ಕೊಡುವಷ್ಟು ಸಣ್ಣ ಉತ್ತರ ಅದಕ್ಕಿಲ್ಲ. ಆ ಮಾತಿನಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಒಂದು ಲೆಕ್ಕದ್ದು: ತೆರಿಗೆ ಕಟ್ಟುವುದು ನಿಜಕ್ಕೂ ಯಾರು? ಇನ್ನೊಂದು ನ್ಯಾಯದ್ದು: ಒಬ್ಬರು ದುಡಿದದ್ದನ್ನು ಕಾನೂನಿನ ಬಲದಿಂದ ತೆಗೆದು ಇನ್ನೊಬ್ಬರಿಗೆ ಕೊಡುವುದು ಸರಿಯೇ?

ಲೆಕ್ಕದ್ದು ಸುಲಭ, ಅದನ್ನು ಮೊದಲು ಮುಗಿಸೋಣ. ತೆರಿಗೆ ಅಂದ ಕೂಡಲೇ ನಮಗೆ ಆದಾಯ ತೆರಿಗೆ ನೆನಪಾಗುತ್ತದೆ. ಅದನ್ನು ವಸೂಲು ಮಾಡುವುದು ಕೇಂದ್ರ ಸರ್ಕಾರ. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೆ ಅದು ಬೀಳುವುದಿಲ್ಲ. ಬೇಸಾಯದ ಆದಾಯಕ್ಕೂ ಇಲ್ಲ. ಬಸ್ಸಿನಲ್ಲಿ ಗೊಣಗಿದವರೂ ಅದನ್ನು ಕಟ್ಟುವವರಾಗಿರಲಿಕ್ಕಿಲ್ಲ. ಹೆಂಗಸರಿಗೆ ಬಸ್ ಪ್ರಯಾಣ ಪುಕ್ಕಟೆ ಮಾಡಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಗೆ ದುಡ್ಡು ಕೊಡುವುದು ರಾಜ್ಯದ ಬೊಕ್ಕಸ. ಅದು ತುಂಬುವುದು ಮುಖ್ಯವಾಗಿ ಜಿಎಸ್‌ಟಿ, ಪೆಟ್ರೋಲ್ ಡೀಸೆಲ್ ಮೇಲಿನ ಮಾರಾಟ ತೆರಿಗೆ, ಅಬಕಾರಿ, ಜಮೀನು ನೋಂದಣಿ, ವಾಹನ ತೆರಿಗೆ ಮತ್ತು ಕೇಂದ್ರ ಕೊಡುವ ಪಾಲಿನಿಂದ.

ಇವುಗಳಲ್ಲಿ ಹೆಚ್ಚಿನವು ಬಡವರ ಮನೆಗೂ ಬರುತ್ತವೆ, ಹೆಸರು ಹೇಳದೆ ಬರುತ್ತವೆ ಅಷ್ಟೇ. ಮೈಗೆ ಹಚ್ಚುವ ಸೋಪಿನ ಮೇಲೆ 2025ರ ಸೆಪ್ಟೆಂಬರ್ 22ರವರೆಗೆ ಶೇ 18 ಜಿಎಸ್‌ಟಿ ಇತ್ತು, ಈಗ ಶೇ 5. ಬೆಂಗಳೂರಿನ ಕಂಪನಿ ಮ್ಯಾನೇಜರ್ ಕೊಂಡರೂ ಅಷ್ಟೇ, ಟೊಮೆಟೊ ತೋಟಕ್ಕೆ ಕೂಲಿಗೆ ಹೋಗುವ ಹೆಂಗಸು ಕೊಂಡರೂ ಅಷ್ಟೇ. ಇನ್ನು ಅಬಕಾರಿ. 2025-26ರ ರಾಜ್ಯ ಬಜೆಟ್‌ನಲ್ಲಿ ಅದರ ಗುರಿ 40,000 ಕೋಟಿ ರೂಪಾಯಿ. ಅದೇ ಬಜೆಟ್‌ನಲ್ಲಿ ಐದೂ ಗ್ಯಾರಂಟಿಗಳಿಗೆ ತೆಗೆದಿಟ್ಟದ್ದು 51,034 ಕೋಟಿ. ಗಂಡ ಸಂಜೆ ಕ್ವಾರ್ಟರ್‌ಗೆ ಕೊಟ್ಟದ್ದನ್ನೇ ಹೆಂಡತಿಗೆ ಗೃಹಲಕ್ಷ್ಮಿ ಅಂತ ವಾಪಸ್ ಕೊಡ್ತಾರೆ ಅನ್ನುವ ತಮಾಷೆ ನಮ್ಮ ಕಡೆ ಟೀ ಅಂಗಡಿಗಳಲ್ಲಿ ಹಳಸಿಹೋಗಿದೆ. ತಮಾಷೆಯಾದರೂ ಲೆಕ್ಕ ಪೂರ್ತಿ ತಪ್ಪಿಲ್ಲ.

ಹಾಗಾಗಿ "ಕಟ್ಟೋರು ನಾವು, ತಿನ್ನೋರು ಅವರು" ಅನ್ನುವ ಗೆರೆ ನಿಲ್ಲುವುದಿಲ್ಲ. ಅದು ಇನ್ನೊಂದು ಕಡೆಯಿಂದಲೂ ನಿಲ್ಲುವುದಿಲ್ಲ. ಡೇರಿಗೆ ಹಾಲು ಹಾಕುವವರಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬರುವುದು ಅದೇ ಬೊಕ್ಕಸದಿಂದ. 10 ಎಚ್‌ಪಿವರೆಗಿನ ಕೊಳವೆಬಾವಿ ಪಂಪ್‌ಸೆಟ್‌ಗೆ ಕರೆಂಟು ಪುಕ್ಕಟೆ. ಸಾವಿರ ಅಡಿಗಿಂತ ಆಳದಿಂದ ನೀರೆತ್ತುವ ನಮ್ಮ ಜಿಲ್ಲೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಆದರೆ ಅದನ್ನು ಯಾರೂ ಬಿಟ್ಟಿ ಭಾಗ್ಯ ಅನ್ನುವುದಿಲ್ಲ, ಅಲ್ವಾ? 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯ ಮೂಲ ದರವನ್ನು ಶೇ 30ರಿಂದ 22ಕ್ಕೆ ಇಳಿಸಿಕೊಳ್ಳಲು ಅವಕಾಶ ಕೊಟ್ಟಾಗ ಅದಕ್ಕೆ ಇಟ್ಟ ಹೆಸರು ಸುಧಾರಣೆ.

ಸರಿ, ಲೆಕ್ಕ ಆಯಿತು. ಆದರೆ ಲೆಕ್ಕದಿಂದ ನ್ಯಾಯದ ಪ್ರಶ್ನೆ ಮಾಯವಾಗುವುದಿಲ್ಲ. ಎಲ್ಲರೂ ಕಟ್ಟಿದರೂ ಕೆಲವರು ಕಟ್ಟುವುದು ಜಾಸ್ತಿ, ಪಡೆಯುವುದು ಕಮ್ಮಿ. ಅವರನ್ನು ಬಲವಂತ ಮಾಡಬಹುದೇ?

ಇಲ್ಲಿ ನಮ್ಮ ಕೆರೆಗಳ ಕಡೆ ಬರೋಣ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ನಾಡು ಇದು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮೊದಲು ಕೋಲಾರ ಜಿಲ್ಲೆಯಲ್ಲಿ 4,000ಕ್ಕೂ ಹೆಚ್ಚು ಕೆರೆಗಳಿದ್ದವು. ದೊಡ್ಡ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು, ಕಾಲುವೆ ಕಾಯುವುದು ಅವನ ಕೆಲಸ. ಸುಗ್ಗಿಯಲ್ಲಿ ಅವನ ಪಾಲಿನ ಧಾನ್ಯವನ್ನು ಕಣದಲ್ಲೇ ಅಳೆದು ಕೊಡಬೇಕಿತ್ತು. ಹೂಳೆತ್ತುವ ದಿನ ಮನೆಗೊಂದಾಳು ಬರಬೇಕಿತ್ತು. ಇದು ಅವರವರ ಇಷ್ಟಕ್ಕೆ ಬಿಟ್ಟ ವಿಷಯ ಆಗಿರಲಿಲ್ಲ.

ಯಾಕೆ ಬಿಡಲಿಲ್ಲ? ನಾನು ಹೂಳೆತ್ತಲು ಹೋಗದಿದ್ದರೂ ಉಳಿದವರು ಎತ್ತಿದರೆ ನನ್ನ ಗದ್ದೆಗೆ ನೀರು ಬಂದೇ ಬರುತ್ತದೆ. ಹಾಗಿದ್ದ ಮೇಲೆ ಜಾಣತನ ಯಾವುದು? ಮನೆಯಲ್ಲಿ ಮಲಗುವುದು. ಎಲ್ಲರೂ ಹೀಗೇ ಜಾಣರಾದರೆ ಕೆರೆ ಹೂತುಹೋಗುತ್ತದೆ. ವಿಚಿತ್ರ ಏನೆಂದರೆ ಕೆರೆ ಬೇಡ ಅನ್ನುವವರು ಊರಲ್ಲಿ ಒಬ್ಬರೂ ಇಲ್ಲ. ಎಲ್ಲರಿಗೂ ಬೇಕಾದ ಕೆಲಸವೇ, ಎಲ್ಲರ ಇಷ್ಟಕ್ಕೆ ಬಿಟ್ಟರೆ ಆಗುವುದಿಲ್ಲ. ಬಲವಂತ ಇದ್ದ ಮಾತ್ರಕ್ಕೆ ಒಂದು ವಸೂಲಿ ಕಳ್ಳತನ ಆಗಿಬಿಡುವುದಿಲ್ಲ ಅನ್ನುವುದು ಕೆರೆಯಿಂದ ಕಲಿಯಬಹುದಾದ ಮೊದಲ ಪಾಠ. ಕೊಳವೆಬಾವಿ ಬಂದ ಮೇಲೆ ಪ್ರತಿಯೊಬ್ಬರೂ ಸ್ವತಂತ್ರರಾದರು. ಯಾರೂ ಯಾರಿಗೂ ಪಾಲು ಕೊಡಬೇಕಿರಲಿಲ್ಲ. ಕೆರೆಗಳ ಗತಿ ಏನಾಯಿತು, ಅಂತರ್ಜಲ ಎಲ್ಲಿಗೆ ಇಳಿಯಿತು ಅಂತ ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಹಳೆಯದೆಲ್ಲ ಚೆನ್ನಾಗಿತ್ತು ಅಂತ ಅಲ್ಲ. ನೀರುಗಂಟಿ ಬಹಳ ಊರುಗಳಲ್ಲಿ ದಲಿತನಾಗಿದ್ದ. ಅವನು ತಿರುಗಿಸಿದ ನೀರು ಹೆಚ್ಚಾಗಿ ಬೇರೆಯವರ ಗದ್ದೆಗೆ ಹೋಗುತ್ತಿತ್ತು. ಕಣದಲ್ಲಿ ಪಾಲು ಇತ್ತು, ಪಂಚಾಯಿತಿಯಲ್ಲಿ ಮಾತು ಇರಲಿಲ್ಲ. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಕೆರೆಯ ಉದಾಹರಣೆಗೆ ಒಂದು ಮಿತಿಯೂ ಇದೆ. ಅಲ್ಲಿ ಕೊಟ್ಟವನಿಗೇ ನೀರು ವಾಪಸ್ ಬರುತ್ತದೆ. ಅದು ತೆರಿಗೆಗಿಂತ ಶುಲ್ಕಕ್ಕೆ ಹತ್ತಿರ. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವೆರಡರ ವ್ಯತ್ಯಾಸ ಬಿಡಿಸಿ ಹೇಳಿತ್ತು. ಶುಲ್ಕ ಅಂದರೆ ಒಂದು ಸೇವೆಗೆ ಕೊಡುವ ಬೆಲೆ. ತೆರಿಗೆ ಅಂದರೆ ಸಾರ್ವಜನಿಕ ಉದ್ದೇಶಕ್ಕಾಗಿ ಕಾನೂನಿನ ಬಲದಿಂದ ಪಡೆಯುವ ದುಡ್ಡು. ಕಟ್ಟಿದವನಿಗೆ ಇಂಥದ್ದೇ ಸಿಗುತ್ತದೆ ಅನ್ನುವ ಒಪ್ಪಂದ ಅದರಲ್ಲಿ ಇಲ್ಲ. "ನಾನು ಕಟ್ಟಿದ್ದಕ್ಕೆ ನನಗೇನು ಬಂತು" ಅಂತ ಕೇಳುವವರು ತೆರಿಗೆಯನ್ನು ಶುಲ್ಕ ಅಂದುಕೊಂಡಿರುತ್ತಾರೆ. ಹೂಳೆತ್ತುವುದಕ್ಕೆ ಬಲವಂತ ಸರಿ ಅಂತ ಒಪ್ಪಿದವರೂ, ಪಕ್ಕದ ಬೀದಿಯ ಅಜ್ಜಿಯ ಪಿಂಚಣಿಗೆ ಬಲವಂತ ಯಾಕೆ ಅಂತ ಕೇಳಬಹುದು.

ಈ ಪ್ರಶ್ನೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವರು ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್, 1974ರಲ್ಲಿ. ಅವರ ವಾದವನ್ನು ಶಿಡ್ಲಘಟ್ಟಕ್ಕೆ ತಂದು ಹೇಳುತ್ತೇನೆ. ಒಬ್ಬ ರೇಷ್ಮೆ ಬಿಚ್ಚಾಣಿಕೆದಾರ, ಅಂದರೆ ಗೂಡಿನಿಂದ ನೂಲು ತೆಗೆಯುವವನು, ದಿನಕ್ಕೆ 10 ಗಂಟೆ ದುಡಿಯುತ್ತಾನೆ ಅನ್ನಿ. ಅವನ ಗಳಿಕೆಯಲ್ಲಿ ಶೇ 30 ತೆರಿಗೆಗೆ ಹೋಗುತ್ತದೆ. ಅಂದರೆ ದಿನಕ್ಕೆ 3 ಗಂಟೆ ಅವನು ದುಡಿದದ್ದು ತನಗಲ್ಲ, ತಾನು ಆರಿಸದ ಬೇರೆ ಯಾರಿಗೋ. ಒಬ್ಬನನ್ನು ಹಿಡಿದು ತಂದು 3 ಗಂಟೆ ಬಿಟ್ಟಿ ಚಾಕರಿ ಮಾಡಿಸಿದರೆ ನಾವು ಅದನ್ನು ಜೀತ ಅನ್ನುತ್ತೇವೆ. ದುಡಿಸಿಕೊಂಡ ಮೇಲೆ ಆ 3 ಗಂಟೆಯ ಕೂಲಿ ಕಿತ್ತುಕೊಂಡರೆ ಅದು ಹೇಗೆ ಬೇರೆಯಾಯಿತು? ಕಳ್ಳತನ ಮೋಸ ಇಲ್ಲದೆ, ಒಪ್ಪಿಗೆಯ ವ್ಯಾಪಾರದಿಂದ ಬಂದ ದುಡ್ಡು ಅವನದೇ. ರಾಜ್ಯದ ಕೆಲಸ ಅವನ ಪ್ರಾಣ, ಆಸ್ತಿ ಕಾಯುವುದು, ಒಪ್ಪಂದ ಮುರಿದವರನ್ನು ಹಿಡಿಯುವುದು. ಅಷ್ಟಕ್ಕೆ ಬೇಕಾದದ್ದಕ್ಕಿಂತ ಒಂದು ರೂಪಾಯಿ ಜಾಸ್ತಿ ತೆಗೆಯಬಾರದು.

ಈ ವಾದ ಓದಿದಾಗ ಮೊದಲ ಸಲ ನನಗೆ ಉತ್ತರ ಹೊಳೆದಿರಲಿಲ್ಲ. ಈಗಲೂ ಇದನ್ನು ಸುಮ್ನೆ ಶ್ರೀಮಂತರ ವಾದ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಅನುಮಾನ. ಆದರೆ ಆ ಬಿಚ್ಚಾಣಿಕೆದಾರನ ದಿನವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅವನು ಗೂಡು ಕೊಳ್ಳುವುದು ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯಲ್ಲಿ. ಆ ವ್ಯಾಪಾರಕ್ಕೆ 1959ರ ಕಾಯ್ದೆ ಇದೆ. ತೂಕ, ಹರಾಜು, ರೈತನಿಗೆ ಹಣ, ಎಲ್ಲ ಅದರ ಕಣ್ಣಳತೆಯಲ್ಲಿ ನಡೆಯಬೇಕು. ಆ ಗೂಡಿನ ಹಿಂದಿನ ಸೊಪ್ಪು ಹೆಚ್ಚಾಗಿ ವಿ-1 ಹಿಪ್ಪುನೇರಳೆ, ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಕೊಟ್ಟ ತಳಿ. ನೂಲಿಗೆ ಬೆಲೆ ನಿಂತಿರುವುದಕ್ಕೆ ಒಂದು ಕಾರಣ ಚೀನಾದ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕ. ಸುಂಕ ಅಂದರೂ ತೆರಿಗೆಯೇ. ಅಂದರೆ ಸೀರೆ ಕೊಳ್ಳುವವರೆಲ್ಲ ಅವನಿಗಾಗಿ ಸ್ವಲ್ಪ ಜಾಸ್ತಿ ಕೊಡುತ್ತಿದ್ದಾರೆ. ಹೀಗಿರುವಾಗ ತೆರಿಗೆ ಹಾಕುವ ಮೊದಲೇ "ಪೂರ್ತಿ ನನ್ನದು" ಅನ್ನುವ ಒಂದು ಗಳಿಕೆ ಎಲ್ಲಿದೆ? ಅವನ ಬೆವರು ಅವನದೇ, ಅದರಲ್ಲಿ ಅನುಮಾನ ಇಲ್ಲ. ಆ ಬೆವರಿಗೆ ಇಂತಿಷ್ಟು ಬೆಲೆ ಸಿಗುವಂತೆ ಮಾಡಿದ ಏರ್ಪಾಡಿನಲ್ಲಿ ಊರೆಲ್ಲರ ದುಡ್ಡಿದೆ.

ಇಲ್ಲಿಗೇ ನಿಲ್ಲಿಸಿ ಗೆದ್ದೆವು ಅನ್ನುವವರಿದ್ದಾರೆ. ಅದು ಅವಸರ. ಈ ಉತ್ತರದಿಂದ ಮಾರುಕಟ್ಟೆಗೆ, ರಸ್ತೆಗೆ, ಸಂಶೋಧನೆಗೆ ತೆರಿಗೆ ಸರಿ ಅಂತ ಆಯಿತು. ಅಜ್ಜಿಯ ಪಿಂಚಣಿಗೆ ಇನ್ನೊಂದು ಹೆಜ್ಜೆ ಬೇಕು.

ಆ ಹೆಜ್ಜೆ ಇಟ್ಟವರು ಅಮೆರಿಕದ ಇನ್ನೊಬ್ಬ ತತ್ವಜ್ಞಾನಿ ಜಾನ್ ರಾಲ್ಸ್, ನೋಜಿಕ್‌ಗಿಂತ ಮೂರು ವರ್ಷ ಮುಂಚೆ. ಇದನ್ನು ಅರ್ಥ ಮಾಡಿಕೊಳ್ಳಲು ಕೋಲಾರದ ಟೊಮೆಟೊ ಮಂಡಿಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. 2023ರ ಜುಲೈನಲ್ಲಿ 15 ಕೆಜಿಯ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು. ಹೊಲಕ್ಕೆ ಕಾವಲು ಹಾಕಿದರು. ಬೇರೆ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಪಕ್ಕ ಸುರಿದು ಹೋದದ್ದನ್ನೂ ನೋಡಿದ್ದೇವೆ. ಅದೇ ಬೀಜ, ಅದೇ ಗೊಬ್ಬರ, ಅದೇ ನಿದ್ದೆಗೆಟ್ಟ ರಾತ್ರಿಗಳು. ಎರಡು ವಾರ ಮುಂಚೆ ನಾಟಿ ಮಾಡಿದವರು ಮನೆ ಕಟ್ಟಿಸಿದರು, ಆಮೇಲೆ ಮಾಡಿದವರು ಸಾಲದಲ್ಲಿ ಉಳಿದರು.

ಈಗ ನಾಟಿಗೆ ಮುಂಚೆ ಎಲ್ಲ ರೈತರನ್ನೂ ಅರಳಿಕಟ್ಟೆ ಮೇಲೆ ಕೂರಿಸಿ. ಬೆಲೆ ಯಾರಿಗೆ ಸಿಗುತ್ತದೆ, ಯಾರಿಗೆ ಕೈಕೊಡುತ್ತದೆ ಅಂತ ಯಾರಿಗೂ ಗೊತ್ತಿಲ್ಲ. "ಸಿಕ್ಕವರು ಒಂದಿಷ್ಟು ತೆಗೆದಿಡಬೇಕು, ಕೈಕೊಟ್ಟವರ ಮನೆಯಲ್ಲಿ ಒಲೆ ಆರಬಾರದು" ಅನ್ನುವ ಕರಾರಿಗೆ ಬಹಳ ಜನ ಒಪ್ಪುತ್ತಾರೆ, ಒಪ್ಪುವುದೇ ಜಾಣತನ. ಬೆಲೆ ಬಂದ ಮೇಲೆ ಕೇಳಿದರೆ? ಸಿಕ್ಕವನು "ನನ್ನ ದುಡ್ಡು" ಅನ್ನುತ್ತಾನೆ. ರಾಲ್ಸ್ ಹೇಳಿದ್ದು ಇಷ್ಟೇ: ನ್ಯಾಯದ ನಿಯಮಗಳನ್ನು ಬೆಲೆ ಬಂದ ಮೇಲೆ ಮಾಡಬೇಡಿ, ನಾಟಿಗೆ ಮುಂಚೆ ಮಾಡಿ. ಅವರು ಇದನ್ನು ಹುಟ್ಟಿಗೇ ಒಯ್ದರು. ಯಾವ ಜಾತಿಯಲ್ಲಿ, ಗಂಡಾಗಿಯೋ ಹೆಣ್ಣಾಗಿಯೋ, ಗಟ್ಟಿ ಮೈಯಲ್ಲೋ ಕಾಯಿಲೆಯ ಮೈಯಲ್ಲೋ, ಫ್ಲೋರೈಡ್ ನೀರು ಕುಡಿಯುವ ಊರಲ್ಲೋ ಬೇರೆಲ್ಲೋ ಹುಟ್ಟುತ್ತೀರಿ ಅನ್ನುವುದು ಮುಂದೆ ಪರದೆ ಇಳಿಬಿಟ್ಟಂತೆ ಕಾಣದಿದ್ದರೆ ನೀವು ಎಂಥ ಸಮಾಜಕ್ಕೆ ಸಹಿ ಹಾಕುತ್ತೀರಿ? ನಾನಂತೂ ಮುದುಕರಿಗೆ ಪಿಂಚಣಿ, ಮಕ್ಕಳಿಗೆ ಊಟ, ಕಾಯಿಲೆಗೆ ಆಸ್ಪತ್ರೆ ಇರುವ ಸಮಾಜಕ್ಕೆ ಹಾಕುತ್ತೇನೆ. ದುಡಿಯುವವನ ಹುಮ್ಮಸ್ಸು ಸಾಯುವಷ್ಟು ಕಿತ್ತುಕೊಳ್ಳುವ ಸಮಾಜಕ್ಕೆ ಹಾಕುವುದಿಲ್ಲ. ಆಗ ಟೊಮೆಟೊ ಬೆಳೆಯುವವರೇ ಇರುವುದಿಲ್ಲ.

"ಸರಿ, ಕೊಡೋಣ. ಆದರೆ ಮನಸ್ಸಿನಿಂದ ಕೊಡೋಣ, ಸರ್ಕಾರ ಯಾಕೆ ನಡುವೆ?" ಅನ್ನುವವರಿದ್ದಾರೆ. ಅವರಿಗೆ ತುಮಕೂರಿನ ಸಿದ್ಧಗಂಗಾ ಮಠಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಅನ್ನ, ಅಕ್ಷರ, ಆಶ್ರಯದ ತ್ರಿವಿಧ ದಾಸೋಹದಲ್ಲಿ ಸುಮಾರು 10,000 ಮಕ್ಕಳು ಅಲ್ಲಿ ಉಂಡು ಓದುತ್ತಾರೆ. 2019ರ ಜನವರಿ 21ರಂದು 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಅದನ್ನು ದಶಕಗಳ ಕಾಲ ನಡೆಸಿದರು. ಭಕ್ತರು ಅಕ್ಕಿ, ರಾಗಿ, ತೆಂಗಿನಕಾಯಿ ತಂದು ಹಾಕುತ್ತಾರೆ. ಯಾರ ಮೇಲೂ ಬಲವಂತ ಇಲ್ಲ. ಆ ಒಲೆಯ ಮುಂದೆ ನಿಂತು ದಾನ ಸಾಲದು ಅಂತ ವಾದ ಮಾಡುವುದು ಕಷ್ಟ.

ಆದರೂ ಮಾಡುತ್ತೇನೆ. ಅಂಥ ಮಠ ತುಮಕೂರಿನಲ್ಲಿದೆ, ಬಾಗೇಪಲ್ಲಿಯ ಗಡಿಯ ಊರಿನಲ್ಲಿ ಇಲ್ಲ. ದಾನ ಎಲ್ಲಿ ಒಳ್ಳೆಯವರು ಇದ್ದಾರೋ ಅಲ್ಲಿ ಹುಟ್ಟುತ್ತದೆ, ಹಸಿವು ಎಲ್ಲ ಕಡೆ ಹುಟ್ಟುತ್ತದೆ. ಇನ್ನೊಂದು, ನೀರುಗಂಟಿಯ ವಿಷಯ. ಕಣದ ಮುಂದೆ ಕೈಕಟ್ಟಿ ನಿಂತು ಪಾಲು ತೆಗೆದುಕೊಳ್ಳುವವನು ಪ್ರತಿ ಸುಗ್ಗಿಯಲ್ಲೂ ಕೊಡುವವನ ಮುಖ ನೋಡಬೇಕು. ಸಿದ್ಧಗಂಗೆಯಲ್ಲಿ ಮಕ್ಕಳಿಗೆ ಜಾತಿ ಕೇಳದೆ ಬಡಿಸಿದರು, ಅದು ಆ ಮಠದ ಹಿರಿಮೆ. ಆದರೆ ಎಲ್ಲ ಕೊಡುವ ಕೈಗಳೂ ಹಾಗಿರುವುದಿಲ್ಲ. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಖಾತೆಗೆ ಬಿದ್ದಾಗ ಅಜ್ಜಿ ಯಾರ ಜಗುಲಿ ಮುಂದೆಯೂ ನಿಲ್ಲಬೇಕಾಗಿಲ್ಲ. ಬರದಿದ್ದರೆ ತಾಲ್ಲೂಕು ಕಚೇರಿಗೆ ಹೋಗಿ ಜಗಳ ಆಡಬಹುದು. ದಾನ ಕೊಡದವರ ಹತ್ತಿರ ಜಗಳ ಆಡಲು ಆಗುತ್ತದಾ? 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕು ಅಂತ ಆದೇಶಿಸಿತು. ನಮ್ಮ ರಾಜ್ಯದಲ್ಲಿ ಆ ಊಟದ ಯೋಜನೆಗೆ ಅಕ್ಷರ ದಾಸೋಹ ಅಂತ ಹೆಸರು. ಪದ ಮಠದ್ದು, ಹಕ್ಕು ಸಂವಿಧಾನದ್ದು.

ಇಷ್ಟು ಹೇಳಿದ್ದರಿಂದ ಸರ್ಕಾರ ಏನು ವಸೂಲು ಮಾಡಿದರೂ ಸರಿ ಅಂತ ಆಗುವುದಿಲ್ಲ. ಸಂವಿಧಾನದ 265ನೇ ವಿಧಿ ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯೂ ಇಲ್ಲ ಅನ್ನುತ್ತದೆ. ಅಂದರೆ ನಾವು ಆರಿಸಿದವರು ಸದನದಲ್ಲಿ ಒಪ್ಪಬೇಕು. 1930ರ ಉಪ್ಪಿನ ಸತ್ಯಾಗ್ರಹದ ಸಿಟ್ಟು ಇದೇ. ನಮ್ಮನ್ನು ಕೇಳದೆ ಹಾಕಿದ ತೆರಿಗೆ ಅದು. ಜೊತೆಗೆ ಗಂಜಿ ಕುಡಿಯುವವನಿಗೂ ಜಮೀನ್ದಾರನಿಗೂ ಒಂದೇ ದರ. ಮೊದಲನೆಯ ತಪ್ಪು 1950ಕ್ಕೆ ಹೋಯಿತು. ಎರಡನೆಯದು ಸೋಪು, ಎಣ್ಣೆ, ಪೆಟ್ರೋಲಿನಲ್ಲಿ ಇನ್ನೂ ಇದೆ. ಬಡವರ ಹೆಸರಿನಲ್ಲಿ ಖರ್ಚು ಮಾಡಲು ಬಡವರ ಜೇಬಿಗೇ ಜಾಸ್ತಿ ಕೈ ಹಾಕಿದರೆ, ಮೇಲೆ ಹೇಳಿದ ರಾಲ್ಸ್‌ನ ಸಮರ್ಥನೆ ಅಷ್ಟರಮಟ್ಟಿಗೆ ಬಿದ್ದುಹೋಗುತ್ತದೆ. ನನ್ನ ದೊಡ್ಡ ತಕರಾರು ಇದೇ, ಬಸ್ಸಿನ ಟಿಕೆಟ್ ಅಲ್ಲ.

ಇನ್ನೆರಡು ಇವೆ. 2024-25ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಯ 14,282 ಕೋಟಿ ರೂಪಾಯಿ ಗ್ಯಾರಂಟಿಗಳಿಗೆ ಹೋಯಿತು. ಫಲಾನುಭವಿಗಳಲ್ಲಿ ಅವರೂ ಇದ್ದಾರೆ ಅನ್ನುವುದು ಸರ್ಕಾರದ ಉತ್ತರ. ಆದರೆ ಎಲ್ಲರಿಗೂ ಕೊಡುವುದನ್ನು ಅವರಿಗೂ ಕೊಟ್ಟು, ಅದನ್ನು ಅವರ ವಿಶೇಷ ಖಾತೆಗೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಇನ್ನೊಂದು ಸಾಲ. 2025-26ರ ಒಂದೇ ವರ್ಷಕ್ಕೆ ರಾಜ್ಯ ಅಂದಾಜಿಸಿದ ಹೊಸ ಸಾಲ 1.16 ಲಕ್ಷ ಕೋಟಿ. ಸಾಲ ಅಂದರೆ ನಾಳೆಯ ತೆರಿಗೆ. ಅದನ್ನು ಕಟ್ಟುವವರಲ್ಲಿ ಈಗ ಅಂಗನವಾಡಿಗೆ ಹೋಗುವ ಮಕ್ಕಳಿದ್ದಾರೆ, ಅವರನ್ನು ಯಾರೂ ಕೇಳಿಲ್ಲ. ಕೆರೆ, ಶಾಲೆಗೆ ಸಾಲ ಮಾಡಿದರೆ ಅವರಿಗೂ ಉಳಿಯುತ್ತದೆ. ದಿನದ ಖರ್ಚಿಗೆ ಮಾಡಿದರೆ ಬಡ್ಡಿ ಮಾತ್ರ ಉಳಿಯುತ್ತದೆ.

ಕೊನೆಗೆ ನಮ್ಮದೇ ಒಂದು ಇಬ್ಬಂದಿ. 2024ರ ಫೆಬ್ರವರಿಯಲ್ಲಿ "ನಮ್ಮ ತೆರಿಗೆ ನಮ್ಮ ಹಕ್ಕು" ಅಂತ ಕರ್ನಾಟಕ ಸರ್ಕಾರ ದೆಹಲಿಗೆ ಹೋಗಿ ಧರಣಿ ಮಾಡಿತು. ಕೇಂದ್ರ ಹಂಚುವ ತೆರಿಗೆಯಲ್ಲಿ ನಮ್ಮ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದಿತ್ತು. ದೂರಿನಲ್ಲಿ ಹುರುಳಿದೆ. ಆದರೆ ಘೋಷಣೆಯನ್ನು ಅಕ್ಷರಶಃ ತೆಗೆದುಕೊಂಡರೆ, ನಾಳೆ ಬೆಂಗಳೂರಿನವರು ಕೋಲಾರಕ್ಕೆ ಅದೇ ಮಾತು ಹೇಳಬಹುದು. ರಾಜ್ಯದ ತೆರಿಗೆಯಲ್ಲಿ ದೊಡ್ಡ ಪಾಲು ಹುಟ್ಟುವುದು ಅಲ್ಲಿ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರು ಹೆಂಗಸರಿಗೆ ಹೇಳಿದ್ದನ್ನೇ ರಾಜಧಾನಿ ಅವರಿಗೂ ಹೇಳಬಹುದು. "ಎಷ್ಟು ಹಂಚಬೇಕು" ಅಂತ ಜಗಳ ಆಡಬಹುದು. "ಹಂಚುವುದೇ ತಪ್ಪು" ಅಂದರೆ ನಮ್ಮ ಕಾಲ ಕೆಳಗಿನ ನೆಲವೂ ಹೋಗುತ್ತದೆ.

ನೆಲ ಅಂದದ್ದಕ್ಕೆ ನೆನಪಾಯಿತು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ಕಳಿಸಿದ್ದು. ದಿನಕ್ಕೆ 440 ದಶಲಕ್ಷ ಲೀಟರ್ ಕೊಡುವ ಯೋಜನೆ, ಪೂರ್ತಿ ತೆರಿಗೆ ದುಡ್ಡು. ನೀರುಗಂಟಿಗಳು ಇಲ್ಲದ ಕೆರೆಗಳು ತುಂಬಿದವು, ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತು. ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಜಿಲ್ಲೆಯಲ್ಲಿ ವರ್ಷಗಳಿಂದ ಕೂಗಿದೆ. ಅದಕ್ಕೂ ದುಡ್ಡು ಬೇಕು, ಆ ದುಡ್ಡನ್ನು ನಾವು ಬೆಂಗಳೂರಿನವರಿಂದ ಭಿಕ್ಷೆ ಅಂತ ಕೇಳುತ್ತಿಲ್ಲ. ಕೊಳೆ ನೀರು ಅವರದು, ತರಕಾರಿ ನಮ್ಮದು, ಬೊಕ್ಕಸ ಇಬ್ಬರದೂ.